ಕೊರಟಗೆರೆಯ ಮೋಡ

ಎಪ್ಪತ್ತರ ದಶಕದಲ್ಲಿ ಪಾವಗಡ ಸೀಮೆಯ ನಮ್ಮೂರಿಗೂ ಒಂದು ಹವಾಮಾನ ಇಲಾಖೆ ಇತ್ತು. ಅದರ ಕಚೇರಿ ನಮ್ಮ ಎದುರುಮನೆಯ ಜಗಲಿ. ಏಕೈಕ ಅಧಿಕಾರಿ ಆ ಮನೆಯ ಅಜ್ಜಿ. ಮಧುಗಿರಿ ದಿಕ್ಕಿನಲ್ಲಿ ಕಪ್ಪು ಕಟ್ಟಿದೊಡನೆ ಅವರು ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಅದು ಕೊರಟಗೆರೆ ಮೋಡ ಕಣ್ಲಾ, ನಮ್ದಲ್ಲ" ಎನ್ನುತ್ತಿದ್ದರು. ಅನುಮಾನಪಟ್ಟವರಿಗೆ "ಮನದಿ ಕಾದು" ಎಂದು ಅದನ್ನೇ ತೆಲುಗಿನಲ್ಲೂ ಹೇಳಿ ಆದೇಶವನ್ನು ಊರ್ಜಿತಗೊಳಿಸುತ್ತಿದ್ದರು. ಮೋಡಗಳೂ ವಿಧೇಯವಾಗಿ, ನಮಗೊಂದು ಹನಿಯನ್ನೂ ಹಾಕದೆ, ಹಾಗೆಯೇ ನಡೆದುಕೊಳ್ಳುತ್ತಿದ್ದವು.

ಒಂದು ವರ್ಷ ಬಿತ್ತನೆಗೆಂದು ಆರಿಸಿದ ಕಡಲೆಕಾಯಿಯನ್ನು ಎರಡೂ ಮನೆಯವರು ಬೀದಿಯಲ್ಲಿ ಒಣಹಾಕಿದ್ದೆವು. ನೆನೆದರೆ ಬೂಸಲು ಹಿಡಿದು ಮುಂದಿನ ಬಿತ್ತನೆಗೇ ಸಂಚಕಾರ. ಮಧ್ಯಾಹ್ನ ಮೋಡ ಎದ್ದಿತು.

"ಅಜ್ಜೀ, ಬಾಚ್ಬುಡಾನಾ?" ಎಂದು ನಮ್ಮಪ್ಪ ಕೇಳಿದ.

"ಸುಮ್ಕಿರ್ಲಾ. ಮೊಕ ನೋಡುದ್ರೆ ಗೊತ್ತಾಗಕಿಲ್ವಾ, ಕೊರಟಗೆರೇದು."

ಆ ಮಾತು ಮುಗಿಯುವ ಮೊದಲೇ ದಪ್ಪ ಹನಿ ಬಿತ್ತು. ಅಪ್ಪ ಬಾಯಿಗೆ ಬಂದದ್ದನ್ನು ಬೈಯುತ್ತಾ ನಮ್ಮದನ್ನು ಹೇಗೋ ಚೀಲಕ್ಕೆ ತುಂಬಿದ. ಅಜ್ಜಿಯ ರಾಶಿ ಪೂರ್ತಿ ತೊಯ್ದುಹೋಯಿತು.

"ನೋಡಮ್ಮೋ, ನಿನ್ ಮೋಡಾನ!" ಎಂದು ಅಪ್ಪ ನಮ್ಮ ಜಗಲಿಯಿಂದ ಕೂಗಿದ.

ಎರಚಲು ಒಳಗೆ ನುಗ್ಗುತ್ತಿದೆಯೆಂದು ಅಜ್ಜಿಯ ಸೊಸೆ ಬಾಗಿಲು ಹಾಕಲು ಹೋದಳು. ಮಳೆಯಲ್ಲೇ ನಿಂತಿದ್ದ ಅಜ್ಜಿ ಗದರಿದರು:

"ತಗಿಯೇ ಬಾಗ್ಲು! ಪಾಪ, ದಾರಿ ತಪ್ಪಿ ಬಂದೈತೆ. ಮೊಕದ್ ಮ್ಯಾಲೆ ಬಾಗ್ಲು ಹಾಕುದ್ರೆ ಇನ್ನೊಂದ್ಸಲ ಬತ್ತೈತೇನೇ?"

ಸೊಸೆ ಬಾಗಿಲು ತೆರೆದಳು. ಆ ಮಳೆ ಸಂಜೆಯವರೆಗೂ ಅವರ ಪಡಸಾಲೆಯಲ್ಲಿ ಕೂತಿತ್ತು.