ಪಾತುಮ್ಮನ ತಲೆಕಡೆಯ ಮೈಲಾಂಜಿ

ನಾವು ಚಿಕ್ಕವರಿದ್ದಾಗ ಸುಳ್ಯದ ಹತ್ತಿರ ಆಲೆಟ್ಟಿ ಕಡೆಯ ಬ್ಯಾರಿ ಮದುವೆಗಳಲ್ಲಿ ಮೈಕ್ ಇರಲಿಲ್ಲ, ಪಾತುಮ್ಮ ಇದ್ದರು. ಮದುಮಗಳ ಕೈಗೆ ಮೈಲಾಂಜಿ, ಅಂದರೆ ಮದರಂಗಿ, ಹಚ್ಚುತ್ತಾ ಅಲ್ಲೇ ಹಾಡು ಕಟ್ಟುತ್ತಿದ್ದರು. ಹುಡುಗಿಯ ಹೆಸರು, ಅವಳ ಉಮ್ಮನ ಕಣ್ಣೀರು, ಬರಲಿರುವ ಅತ್ತೆಯ ಜೋರು, ಎಲ್ಲ ಅದರಲ್ಲಿ ಬರುತ್ತಿತ್ತು. ಅಕ್ಷರ ಬಾರದ ಹೆಂಗಸು. ಪುತ್ತೂರಿನವರೆಗೂ ಅವರ ಹಾಡೇ.

ಅವರು ತೀರಿಕೊಂಡಾಗ ಕಬರಿನ ತಲೆಕಡೆಗೆ ಮೈಲಾಂಜಿ ಗಿಡ ನೆಟ್ಟರು. ಕಲ್ಲಿನ ಮೇಲೆ ಹೆಸರು ಬರೆಯುವ ಕ್ರಮ ನಮ್ಮಲ್ಲಿ ಇರಲಿಲ್ಲ. ಗಿಡವೇ ಗುರುತು.

ನನ್ನ ಚಿಕ್ಕಮ್ಮನ ಮದುವೆಗೆ ಸೊಪ್ಪು ಸಾಲಲಿಲ್ಲ. ಎಂಟು ವರ್ಷದ ನಾನೂ ಪಾತುಮ್ಮನ ಮೊಮ್ಮಗ ರಫೀಕನೂ ಕಬರಸ್ಥಾನದ ಗೋಡೆ ಹಾರಿ ಆ ಗಿಡದಿಂದಲೇ ಒಂದು ಮಡಿಲು ಕೊಯ್ದು ತಂದೆವು. ಅರೆದಾಗ ಮನೆಯಿಡೀ ಹಸಿ ಘಮ.

"ಎಲ್ಲಿಂದ ತಂದದ್ದು?" ಉಮ್ಮ ಕೇಳಿದರು. ರಫೀಕ ಹೇಳಿಯೇ ಬಿಟ್ಟ. ಕಬರಿನ ಗಿಡ ಮುಟ್ಟುದುಂಟಾ? ನನ್ನ ಬೆನ್ನಿಗೆ ಎರಡು ಬಿತ್ತು. ಆಮೇಲೆ ಉಮ್ಮನೇ ಅರೆದದ್ದನ್ನು ಬಟ್ಟಲಿಗೆ ತೆಗೆದು, "ಇರಲಿ. ಬದುಕಿದ್ದರೆ ಅವರೇ ಬಂದು ಹಚ್ಚುತ್ತಿದ್ದರು" ಅಂದರು. ಹೆಂಗಸರೆಲ್ಲ ಸೇರಿ ಪಾತುಮ್ಮನ ಹಾಡು ಹೇಳುತ್ತಾ ಹಚ್ಚಿದರು. ಚಿಕ್ಕಮ್ಮನ ಕೈ ಎಷ್ಟು ಕೆಂಪಾಗಿತ್ತು ಅಂತ ಈಗಲೂ ನೆನಪುಂಟು.

ಮೊನ್ನೆ ಅದೇ ರಫೀಕ ಸ್ಕಾಟ್ಲೆಂಡಿನಿಂದ ಫೋಟೋ ಕಳಿಸಿದ. ದುಬೈಯಿಂದ ರಜೆಯಲ್ಲಿ ಹೋದದ್ದಂತೆ. ಅಲ್ಲಿಯ ದೊಡ್ಡ ಕವಿಯೊಬ್ಬರ ಗೋರಿ. ಗುಮ್ಮಟ, ಅಮೃತಶಿಲೆ, ಹೂ. "ಕವಿಗೆ ಇವರು ಕೊಡುವ ಗೌರವ ನೋಡು" ಅಂತ ಕೆಳಗೆ ಬರೆದಿದ್ದ. ನನಗೆ ಮೈಯೆಲ್ಲ ಉರಿದು ಹೋಯಿತು. ಆ ಕವಿಯ ಮೇಲೆ ಸಿಟ್ಟಲ್ಲ, ಅದು ಅವರಿಗೆ ಸಲ್ಲಬೇಕಾದ್ದೇ. ಇವನಿಗೆ ಫೋನ್ ಮಾಡಿ ಕೇಳಿದೆ, "ನಿನ್ನ ಅಜ್ಜಿಯ ಕಬರಿಗೆ ನೀನು ಯಾವಾಗ ಹೋದದ್ದು?"

"ಅಜ್ಜಿ ಎಂತ ಕವಿಯಾ ಮಾರಾಯ್ತಿ? ಮದುವೆ ಹಾಡು ಹೇಳುತ್ತಿದ್ದರು, ಅಷ್ಟೆ."

"ನಿನ್ನ ಮಗಳ ಮದುವೆಯಲ್ಲಿ ಮೈಕ್ ಹಿಡಿದು ಹಾಡಿದರಲ್ಲ, ಅದು ಯಾರ ಹಾಡು? ಒಬ್ಬರಾದರೂ ಅವರ ಹೆಸರು ಹೇಳಿದರಾ?"

"ಆಯ್ತು, ಅಜ್ಜಿಯ ಕಬರಿನದ್ದೂ ಒಂದು ಫೋಟೋ ಕಳಿಸು. ಸ್ಟೇಟಸಿಗೆ ಹಾಕುವ."

ಮರುದಿನವೇ ಹೋದೆ. ಹೆಂಗಸರು ಒಳಗೆ ಹೋಗುವ ಹಾಗಿಲ್ಲ, ಗೋಡೆಯ ಹೊರಗೆ ನಿಂತು ನೋಡಿದೆ. ಕಾಡು ಸವರುವಾಗ ಮೈಲಾಂಜಿಯನ್ನೂ ಬುಡಸಮೇತ ತೆಗೆದಿದ್ದರು. ಎಷ್ಟು ವರ್ಷವಾಯಿತೋ, ಕೇಳಿದರೆ ಯಾರಿಗೂ ಗೊತ್ತಿಲ್ಲ. ಸುಳ್ಯದಲ್ಲೇ ಮನೆ ಮಾಡಿಕೊಂಡಿರುವ ನಾನು ಒಂದು ದಿನ ಈ ಕಡೆ ತಲೆ ಹಾಕಿದ್ದುಂಟಾ? ಅವನಿಗೆ ಬೈದದ್ದು ನನಗೇ ಬೈದ ಹಾಗಾಯಿತು.

ಒಂದೇ ಥರದ ಕಲ್ಲುಗಳು, ಸಾಲಾಗಿ. ಫೋನ್ ಕೈಯಲ್ಲೇ ಇತ್ತು. ಯಾವ ಕಲ್ಲಿನ ಫೋಟೋ ತೆಗೆಯುದು?