ಏಕಾದಶಿಯಂದು ಬಂದ ದ್ವಾದಶಿ

ಭಜನಾ ಬಳಗದ ಬಂಧುಗಳೇ,

ನನ್ನ ಪತ್ನಿ ಸುಮತಿ ನುಂಗಿದ್ದು ಯಾವುದೂ ಹೊಟ್ಟೆಯಿಂದ ಮುಂದಕ್ಕೆ ಸಾಗುತ್ತಿರಲಿಲ್ಲ. ಉಲ್ಬಣಿಸಿದ ಕ್ಯಾನ್ಸರ್ ಜಠರದ ಹೊರದಾರಿಯನ್ನೇ ಮುಚ್ಚಿತ್ತು. ಕುಡಿದ ನೀರೂ ವಾಂತಿಯಾಗುತ್ತಿತ್ತು. ಗಡ್ಡೆ ತೆಗೆಯುವ ಹಂತ ದಾಟಿದೆಯೆಂದು ತಿರುವನಂತಪುರದ ವೈದ್ಯರು ತಿಳಿಸಿದ್ದು ಜ್ಯೇಷ್ಠ ಬಹುಳದಲ್ಲಿ. ಬಳಗದ ಪತ್ರಿಕೆಯಲ್ಲಿ ಅವಳ ಸುದ್ದಿಯ ತಿಥಿ ತಪ್ಪಾಗಿ ಅಚ್ಚಾಗಿರುವುದರಿಂದ, ಆಸ್ಪತ್ರೆಯ ಚೀಟಿಗಳನ್ನೂ ಪಂಚಾಂಗವನ್ನೂ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅದೇ ಊರಿನ ಶ್ರೀಕಾರ್ಯಂನ ನಮ್ಮ ಮನೆಗೆ ಬಂದ ಹಿತೈಷಿಗಳಲ್ಲಿ ಸಲಹೆಗಳಿಗೆ ಬರವಿರಲಿಲ್ಲ. "ಏಕಾದಶಿ ಹಿಡೀರಿ ಅಮ್ಮ, ಎಲ್ಲಾ ಕರಗುತ್ತೆ," ಎಂದರೊಬ್ಬರು. ಒಂದೂ ಏಕಾದಶಿ ತಪ್ಪಿಸದ ಸುಮತಿ ಮಲಗಿದ್ದಲ್ಲಿಂದಲೇ, "ನಂದು ದಿನಾ ಏಕಾದಶೀನೇ. ಪಾರಣೆಗೆ ದ್ವಾದಶಿ ಯಾವತ್ತು ಬರುತ್ತೆ, ಅದನ್ನ ಹೇಳಿ," ಎಂದಳು.

ಮುಚ್ಚಿದ ದಾರಿಯಲ್ಲಿ ಸ್ಟೆಂಟ್ ಎಂಬ ಜಾಲರಿ ಕೊಳವೆಯನ್ನು ಕೂರಿಸಿದರೆ ಆಹಾರ ಇಳಿಯಬಹುದು, ಅದಕ್ಕೆ ಕೊಚ್ಚಿಗೆ ಹೋಗಿ ಎಂದರು ನಮ್ಮೂರಿನ ವೈದ್ಯರು. ವಾಂತಿಗೆಂದು ಬೇಸಿನ್ ಹಿಡಿದುಕೊಂಡೇ ಅಷ್ಟು ದೂರ ಹೋದೆವು. ಅಲ್ಲಿ ಸ್ಕ್ಯಾನಿನ ಸಿ.ಡಿ. ತೆರೆಯಲಿಲ್ಲ, ಸ್ಕ್ಯಾನ್ ಮತ್ತೆ ಮಾಡಿಸಿದೆವು. ಆಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯೆಂದು ಮುಂದೂಡಿದರು. ಅದು ಸರಿಹೋದಾಗ ವೈದ್ಯರು ರಜೆಯಲ್ಲಿದ್ದರು. ಯಾರನ್ನು ಕೇಳಿದರೂ "ನಾಳೆ ನೋಕ್ಕಾಂ ಸಾರೇ" ಎಂಬ ಒಂದೇ ಉತ್ತರ. ನಾಳೆ ನೋಡೋಣವಂತೆ!

ಕೊನೆಗೆ ಕಾರಿಡಾರಿನ ಕುರ್ಚಿಯಲ್ಲಿ ಕುಳಿತು ದೇವರೊಡನೆ ಜಗಳಕ್ಕಿಳಿದೆ. "ಪದ್ಮನಾಭಾ, ನೀನು ಮಲಗಿದ್ದು ಸಾಕು. ರೋಗವನ್ನು ಅಳಿಸೆಂದು ಕೇಳುತ್ತಿಲ್ಲ. ಅವಳಿಗೊಂದು ಲೋಟ ಗಂಜಿ ಇಳಿಯಲಿ. ಇಷ್ಟೂ ಆಗದೇ ನಿನ್ನಿಂದ?" ಇದನ್ನು ಪ್ರಾರ್ಥನೆಯೆನ್ನಲು ಸಂಕೋಚವಾಗುತ್ತದೆ. ಆದರೆ ಅಂದು ನನ್ನಲ್ಲಿದ್ದದ್ದು ಅಷ್ಟೇ.

ಮರುದಿನ, ಆಷಾಢ ಶುದ್ಧ ದಶಮಿ, ಬೇರೊಬ್ಬ ರೋಗಿ ಬರಲಿಲ್ಲವೆಂದು ಹಠಾತ್ತನೆ ನಮ್ಮನ್ನು ಕರೆದರು. ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ ಕೂತಿತು.

ಅದರ ಮಾರನೆಯ ಬೆಳಿಗ್ಗೆ ನರ್ಸ್ ಗಂಜಿಯ ತಿಳಿ ತಂದಳು. "ಅಮ್ಮೇ, ಕುರಚ್ಚು ಕಂಜಿವೆಳ್ಳಂ ಕುಡಿಚ್ಚು ನೋಕ್ಕೂ." ಸ್ವಲ್ಪ ಕುಡಿದು ನೋಡಬೇಕಂತೆ.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಇವತ್ತು ಪ್ರಥಮ ಏಕಾದಶಿ, ಸುಮತಿ. ಅದು ಅಕ್ಕಿಯದು."

"ನಿಮ್ಮ ಪಂಚಾಂಗ ಮುಚ್ಚಿಡಿ ರೀ. ಇಷ್ಟು ದಿನ ಮಾಡಿದ್ದೇ ಏಕಾದಶಿ. ಇವತ್ತು ನನ್ನ ದ್ವಾದಶಿ."

ಕಣ್ಣು ಮುಚ್ಚಿ "ಕೃಷ್ಣಾರ್ಪಣ" ಎಂದು ಗುಟುಕು ಗುಟುಕಾಗಿ ಕುಡಿದಳು. ನಾನು ಬೇಸಿನ್ ಹಿಡಿದು ನಿಂತೇ ಇದ್ದೆ. ಕುಡಿದದ್ದು ಮೇಲೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ನರ್ಸ್ ನಕ್ಕು, "ಸಾರೇ, ಇನಿ ಆ ಬೇಸಿನ್ ತಾಳೆ ವೆಕ್ಕಾಂ," ಎಂದಳು. ಇನ್ನು ಅದನ್ನು ಕೆಳಗಿಡಬಹುದಂತೆ. ಮಂಚದ ಕೆಳಗೆ ಇಟ್ಟೆ.

ಪತ್ರಿಕೆಯಲ್ಲಿ "ದ್ವಾದಶಿಯ ಪಾರಣೆ, ಕ್ಯಾನ್ಸರ್ ಮಾಯ" ಎಂದಿದೆ. ಎರಡೂ ತಪ್ಪು. ರೋಗ ಹಾಗೆಯೇ ಇದೆ, ತಿಥಿ ಏಕಾದಶಿ. ಏಕಾದಶಿಯಂದು ಗಂಜಿ ಕುಡಿದರೆಂದು ಅಚ್ಚುಹಾಕುವುದು ಚೆನ್ನಾಗಿರದು ಎಂದು ಸಂಪಾದಕರು ನನಗೆ ಬುದ್ಧಿ ಹೇಳಿದ್ದೂ ಆಯಿತು. ಸ್ವಾಮಿ, ನಾನು ಕೇಳಿದ್ದು ಒಂದು ಲೋಟ ಗಂಜಿ, ಪದ್ಮನಾಭ ಕೊಟ್ಟದ್ದೂ ಅದನ್ನೇ. ತಾನು ಶಯನಕ್ಕೆ ತೆರಳುವ ದಿನವೇ ಎದ್ದು ಬಂದು ಕೊಟ್ಟ. ಅವನ ಕೃಪೆಗೆ ನಮ್ಮ ತಿದ್ದುಪಡಿ ಬೇಡ.