ಬಿರುಕಿನ ಮೇಲಿನ ಗಾಜು

ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ನಲವತ್ತು ವರ್ಷ ಬೀಗ ರಿಪೇರಿ ಮಾಡಿದವನು. ಎಂಥ ಬೀಗವೂ ಒಂದು ತಂತಿಗೆ ಬಾಯಿ ಬಿಡುತ್ತದೆಂದು ಗೊತ್ತಿದ್ದರಿಂದ ಮನುಷ್ಯರನ್ನು ನಂಬುವ ಗೋಜಿಗೇ ಹೋಗಿರಲಿಲ್ಲ. ಹಾಲಿನವನ ಅಳತೆ, ಪಕ್ಕದ ಮನೆಯವರ ನಗು, ಎಲ್ಲದರಲ್ಲೂ ಅವನಿಗೆ ಏನೋ ವಾಸನೆ ಹೊಡೆಯುತ್ತಿತ್ತು. ಅವನ ಮನೆಯೊಳಗೆ ಸಲೀಸಾಗಿ ಓಡಾಡುತ್ತಿದ್ದದ್ದು ಗಂಡನನ್ನು ಕಳೆದುಕೊಂಡು ಬಂದಿದ್ದ ಅಕ್ಕ ಒಬ್ಬಳೇ.

ಆ ಅಕ್ಕನ ಕೋಣೆಯ ಗೋಡೆಯೇ ಬಿರುಕು ಬಿಟ್ಟಿತು. ಹೊರಗೆ ಫುಟ್‌ಪಾತಿನಲ್ಲಿ ನಗರಸಭೆಯವರು ನೆಟ್ಟ ಮರ. ಅದರ ಬೇರು ಕಲ್ಲುಚಪ್ಪಡಿಯನ್ನು ಎತ್ತಿ ಗೋಡೆಯ ಬುಡಕ್ಕೆ ನುಗ್ಗಿತ್ತು. ಬಿರುಕಿನಲ್ಲಿ ಬೆರಳು ತೂರುತ್ತಿತ್ತು.

"ಗೋಡೆ ಸರಿಯಾಗೋ ಲಕ್ಷಣ ಇಲ್ಲ ಅಂದ್ರೆ ನಾನು ತಂಗಿ ಮನೆಗೆ ಹೋಗ್ತೀನಿ ಕಣೋ," ಎಂದಳು ಅಕ್ಕ.

ಅಕ್ಕನಿಲ್ಲದ ಮನೆಯನ್ನು ಊಹಿಸಿಕೊಳ್ಳಲೂ ಆಗಲಿಲ್ಲ ಬೀಗದಣ್ಣನಿಗೆ.

ಅರ್ಜಿಯ ಮೇಲೆ ಅರ್ಜಿ ಬರೆದ ಮೇಲೆ ನಗರಸಭೆಯ ಇಂಜಿನಿಯರ್ ಬಂದ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ತಾರೀಖು ಬರೆದ. "ಬಿರುಕು ಹಳೇದೋ, ಬೇರು ಇನ್ನೂ ತಳ್ತಾ ಇದೆಯೋ ನೋಡ್ಬೇಕು. ಮೂರು ತಿಂಗಳೊಳಗೆ ಬಿರುಕು ಅಗಲವಾಗಿ ಗಾಜು ಒಡೆದ್ರೆ ಗೋಡೆ ರಿಪೇರಿ ನಮ್ಮ ತಲೆ ಮೇಲೆ. ಯಾರೂ ಮುಟ್ಬೇಡಿ."

ಮರ ಅವರದು, ಗಾಜು ಅವರದು, ತೀರ್ಪೂ ಅವರದೇ! ಬೀಗದಣ್ಣ ಅಂದಿನಿಂದ ಕಾವಲಿಗೆ ಕೂತ. ಮೀಟರ್ ನೋಡಲು ಬಂದವನನ್ನೂ ಬಾಗಿಲಲ್ಲೇ ತಡೆದ. ಎದುರುಮನೆಯ ಟೀಚರಮ್ಮ "ಗಾಜು ಹೇಗಿದೆ, ನೋಡ್ಲಾ?" ಎಂದು ಬಂದರೆ, ಅವರ ತಮ್ಮ ನಗರಸಭೆಯಲ್ಲಿದ್ದಾನೆಂಬ ಗುಮಾನಿಯಿಂದ ಹೊರಗಿನಿಂದಲೇ ಸಾಗಹಾಕಿದ. ಟೀಚರಮ್ಮನಿಗೆ ತಮ್ಮನೇ ಇರಲಿಲ್ಲ.

ಐವತ್ತನೆಯ ದಿನ ಗಾಜು ನಟ್ಟನಡುವೆ ಸೀಳಿತು. ಅಕ್ಕನಿಗೆ ಹಿಡಿಸಲಾರದ ಸಂತೋಷ; ಇಂಜಿನಿಯರ್‌ಗೆ ಹೇಳಿಕಳಿಸಿದಳು. ತಮ್ಮನಿಗೆ ಮಾತ್ರ ಬೇರೆಯೇ ಚಿಂತೆ: ಇಂಜಿನಿಯರ್ ಬರುವ ಮೊದಲೇ ಯಾರಾದರೂ ನುಗ್ಗಿ ಒಡೆಯದ ಗಾಜು ಮೆತ್ತಿಬಿಟ್ಟರೆ? ಅಕ್ಕ ಅಂಗಡಿಗೆ ಹೋದದ್ದೇ ತಡ, ಉಳಿಯಿಂದ ಗಾಜನ್ನು ಹುಷಾರಾಗಿ ಬಿಡಿಸಿ, ಹತ್ತಿಯಲ್ಲಿ ಸುತ್ತಿ, ಮೂರು ಬೀಗದ ಪೆಟ್ಟಿಗೆಯಲ್ಲಿಟ್ಟ.

ಇಂಜಿನಿಯರ್ ಬಂದು ಖಾಲಿ ಗೋಡೆ ನೋಡಿದ. ಬೀಗದಣ್ಣ ಗೆದ್ದವನ ಠೀವಿಯಲ್ಲಿ ಪೆಟ್ಟಿಗೆ ತೆರೆದ.

"ಗೋಡೆ ಮೇಲಿದ್ರೆ ಇದು ಸಾಕ್ಷಿ, ಯಜಮಾನ್ರೇ. ಈಗ ಬರೀ ಒಡಕು ಗಾಜು. ಯಾರು ಒಡೆದ್ರು ಅಂತ ಬರೀಲಿ? ಹೊರಗಿನವರು ಯಾರಾದ್ರೂ ನೋಡಿದ್ದಾರಾ?"

ಯಾರೂ ನೋಡಿರಲಿಲ್ಲ. ನೋಡಲು ಈ ಮಹಾಶಯ ಬಿಟ್ಟಿದ್ದರೆ ತಾನೆ! ಇಂಜಿನಿಯರ್ ಹೊಸ ಗಾಜು ಮೆತ್ತಿ, ಹೊಸ ತಾರೀಖು ಬರೆದು ಹೋದ.

ಅಕ್ಕ ಬೈಯಲಿಲ್ಲ. ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು. "ಇನ್ನೂ ಮೂರು ತಿಂಗಳು ಈ ಗೋಡೆ ಕೆಳಗೆ ಮಲಗೋ ಧೈರ್ಯ ನನಗಿಲ್ಲ." ಕೋಣೆಗೆ ಬೀಗ ಹಾಕಿ, ಎದುರುಮನೆಗೆ ಹೋಗಿ ಟೀಚರಮ್ಮನ ಕೈಯಲ್ಲಿ ಕೀಲಿ ಇಟ್ಟಳು. "ದಿನಾ ಬೆಳಿಗ್ಗೆ ಬಂದು ನೋಡಿ. ಒಡೆದ ದಿನ ನೀವೇ ಇಂಜಿನಿಯರ್‌ನ ಕರೀರಿ. ಗೋಡೆ ಕಟ್ಟಿದ್ಮೇಲೆ ನಾನು ಬರ್ತೀನಿ."

"ಅಕ್ಕಾ, ಕೀಲಿ ನನ್ನ ಹತ್ರಾನೇ ಇರ್ಲಿ," ಎಂದ ಹಿಂದೆಯೇ ಓಡಿಬಂದ ತಮ್ಮ.

"ನಿನ್ನ ಹತ್ರ ಬೇಡ ಕಣೋ."

ಆ ಬೀಗ ಬಿಚ್ಚಲು ಅವನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಗಿತ್ತು. ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಟೀಚರಮ್ಮ ಕೀಲಿ ಹಿಡಿದು ಬಾಗಿಲಲ್ಲಿ ನಿಂತರು.

"ಒಳಗೆ ಬನ್ನಿ," ಎಂದು ದಾರಿ ಬಿಟ್ಟ.